ಸವೆದದ್ದು ಬ್ರಿಡ್ಜೋ, ಅದರ ಸ್ಕ್ರೂವೋ?

ಎಲೆಕ್ಟ್ರಿಕ್ ಗಿಟಾರಿನ ತಂತಿ ಪದೇ ಪದೇ ಕಡಿಯತೊಡಗಿದರೆ, ಶ್ರುತಿ ನಿಲ್ಲದಿದ್ದರೆ, ಹೆಚ್ಚಿನವರು ಬ್ರಿಡ್ಜ್ ಹಾಳಾಗಿದೆ, ಹೊಸದು ಹಾಕಿಸಬೇಕು ಎಂದುಬಿಡುತ್ತಾರೆ. ಆದರೆ ಬ್ರಿಡ್ಜ್ ಒಂದೇ ವಸ್ತುವಲ್ಲ. ಫೆಂಡರ್ ಕಂಪನಿ 1954ರಲ್ಲಿ ತಂದ ಸ್ಟ್ರಾಟೋಕ್ಯಾಸ್ಟರ್‌ನದನ್ನೇ ನೋಡಿ: ಒಂದು ತಳದ ತಗಡು, ಅದರ ಮೇಲೆ ತಂತಿ ಕೂರುವ ಆರು ಸ್ಯಾಡಲ್, ಒಂದೊಂದಕ್ಕೂ ಎತ್ತರ ಹೊಂದಿಸುವ ಎರಡು ಪುಟ್ಟ ಸ್ಕ್ರೂ, ಹಿಂದೆಮುಂದೆ ಸರಿಸಲು ಒಂದು ಉದ್ದ ಸ್ಕ್ರೂ ಮತ್ತು ಸ್ಪ್ರಿಂಗ್. ಇವೆಲ್ಲ ಒಟ್ಟಿಗೆ ಸವೆಯುವುದಿಲ್ಲ. ಬೆವರಿನ ಉಪ್ಪು ಅಂಗೈ ತಾಗುವ ಎತ್ತರದ ಸ್ಕ್ರೂಗಳನ್ನು ಬೇಗ ಹಿಡಿಯುತ್ತದೆ (ಕರಾವಳಿಯ ಹವೆಯಲ್ಲಂತೂ ಇನ್ನೂ ಬೇಗ). ತಂತಿಯ ಒತ್ತಡಕ್ಕೆ ಗೀರು ಬೀಳುವುದು ಸ್ಯಾಡಲ್ ಮೇಲೆ. ಹಾಗಾಗಿ ತಂತಿ ಕಡಿದಾಗ ತಂತಿಯನ್ನೇ ಬೈಯುವ ಮುಂಚೆ ತುಂಡಾದ ಜಾಗ ನೋಡಬೇಕು. ಪ್ರತಿ ಸಲವೂ ಅದೇ ತಂತಿ, ಸ್ಯಾಡಲ್ ಮೇಲೆ ಕೂರುವಲ್ಲೇ ಹೋಗಿದ್ದರೆ ಅಲ್ಲೊಂದು ಮುಳ್ಳು ಎದ್ದಿದೆ ಎಂದೇ ಅರ್ಥ. 0.009 ಇಂಚಿನ, ಅಂದರೆ ಕಾಲು ಮಿಲಿಮೀಟರಿಗೂ ಸಣ್ಣ ತಂತಿಗೆ, ಬೆರಳಿಗೆ ಗೊತ್ತಾಗದ ಮುಳ್ಳೂ ಸಾಕು. ನಯವಾದ ಎಮರಿ ಪೇಪರಿನಲ್ಲಿ ಹದವಾಗಿ ಉಜ್ಜಿದರೆ ಕೆಲಸ ಮುಗಿಯಿತು. ಗೀರು ಆಳವಾಗಿದ್ದರೆ ಆ ಒಂದು ಸ್ಯಾಡಲ್ ಬದಲಿಸಿದರಾಯಿತು.

ಇಷ್ಟೆಲ್ಲ ತಲೆನೋವು ಯಾಕೆ, ಪೂರ್ತಿ ಸೆಟ್ಟೇ ಅಗ್ಗಕ್ಕೆ ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ, ಆದರೆ ಕೂರಬೇಕಲ್ಲ! ಸ್ಟ್ರಾಟ್ ಬ್ರಿಡ್ಜ್‌ಗಳೆಲ್ಲ ಒಂದೇ ಅಳತೆ ಎಂಬ ನಂಬಿಕೆ ದುಬಾರಿ. ಬ್ರಿಡ್ಜನ್ನು ಮರಕ್ಕೆ ಕೂರಿಸುವ ಹಳೆಯ ಆರು ಸ್ಕ್ರೂಗಳ ಮಾದರಿಯಲ್ಲಿ ಮೊದಲ ಸ್ಕ್ರೂವಿನಿಂದ ಕೊನೆಯದಕ್ಕೆ ಸುಮಾರು 56 ಮಿ.ಮೀ.; ಬೇರೆ ಎಷ್ಟೋ ಗಿಟಾರ್‌ಗಳಲ್ಲಿ ಅದಕ್ಕಿಂತ ಕಡಿಮೆ. ಮರದಲ್ಲಿ ಹೊಸ ತೂತು ಕೊರೆಯುವುದು ರಿಪೇರಿ ಎನಿಸದು. ಬಿಡಿ ಸ್ಕ್ರೂ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ಅಮೆರಿಕನ್ ಫೆಂಡರ್‌ನ ಎತ್ತರದ ಸ್ಕ್ರೂ 4-40 ಅಳತೆಯದು: ದಪ್ಪ ಸುಮಾರು 2.84 ಮಿ.ಮೀ., ಇಂಚಿಗೆ 40 ಥ್ರೆಡ್. ಮೆಟ್ರಿಕ್ ಎಂ3 ಸ್ಕ್ರೂ 3 ಮಿ.ಮೀ. ದಪ್ಪ, ಇಂಚಿಗೆ ಸುಮಾರು 51 ಥ್ರೆಡ್. ಬರಿಗಣ್ಣಿಗೆ ಎರಡೂ ಒಂದೇ. ಬಲವಂತವಾಗಿ ತಿರುಗಿಸಿದರೆ ಸರಿಯಿದ್ದ ಸ್ಯಾಡಲ್‌ನ ಥ್ರೆಡ್ಡೂ ಹೋಗುತ್ತದೆ.

ಹೊಸ ಬ್ರಿಡ್ಜ್ ಹಾಕಿದ ಮೇಲೆ ನಾದವೇ ಬದಲಾಯಿತು ಎನ್ನುವವರೂ ಇದ್ದಾರೆ. ಲೋಹದ ಪ್ರಭಾವ ಇಲ್ಲವೆನ್ನಲಾಗದು. ಆದರೆ ಬ್ರಿಡ್ಜ್ ಜೊತೆಗೆ ಹೊಸ ತಂತಿಯೂ ಬಂದಿರುತ್ತದೆ, ಎತ್ತರವೂ ಬದಲಾಗಿರುತ್ತದೆ; ಯಾವುದರ ಫಲ ಎಂದು ಹೇಗೆ ಹೇಳುವುದು?

ಬದಲಿಸಲೇಬೇಕಾದ ಸಂದರ್ಭವೂ ಇದೆ. ಎರಡು ಕಂಬಗಳ ಮೇಲೆ ತೂಗುವ ಟ್ರೆಮೊಲೊದಲ್ಲಿ (ಬಾರ್ ಒತ್ತಿ ಶ್ರುತಿ ಏರಿಳಿಸುವ ಬ್ರಿಡ್ಜ್) ತಗಡಿನ ಚೂಪಾದ ಅಂಚು ಕಂಬದ ಕಚ್ಚಿನಲ್ಲಿ ಕೂರುತ್ತದೆ. ಆ ಅಂಚು ಮೊಂಡಾದರೆ ಬಾರ್ ಒತ್ತಿ ಬಿಟ್ಟಾಗ ಬ್ರಿಡ್ಜ್ ಮೊದಲಿನ ಜಾಗಕ್ಕೆ ಮರಳದೆ ಎಲ್ಲ ತಂತಿಗಳೂ ಒಟ್ಟಿಗೆ ಶ್ರುತಿ ತಪ್ಪುತ್ತವೆ. ಒಂದೇ ತಂತಿ ತಪ್ಪಿದರೆ ಮೊದಲು ನೋಡಬೇಕಾದದ್ದು ಕುತ್ತಿಗೆಯ ತುದಿಯ ನಟ್. ಅಂಚು ಮೊಂಡಾಗುವುದಕ್ಕೆ ಬಳಕೆಯೊಂದೇ ಕಾರಣವಲ್ಲ. ತಂತಿಗಳು ಬಿಗಿಯಾಗಿರುವಾಗಲೇ ಕಂಬಗಳನ್ನು ತಿರುಗಿಸಿ ಎತ್ತರ ಬದಲಿಸುವ ಅಭ್ಯಾಸವೂ ಅದನ್ನು ಕೆರೆದು ಹಾಕುತ್ತದೆ. ಹೊಸದು ಹಾಕಿಸಿದವರು ಮೊದಲು ತಂತಿ ಸಡಿಲಿಸಿ, ಆಮೇಲೆ ಅಲೆನ್ ಕೀಗೆ ಕೈ ಹಾಕಲಿ.