ಕಿವಿಯು ಪದವನ್ನು ಗುರುತಿಸುವ ಬಗೆ

ಪುಸ್ತಕದಲ್ಲಿ ನೂರು ಸಲ ಓದಿದ ಇಂಗ್ಲಿಷ್ ಪದವೊಂದು ಆಂಗ್ಲನ ಬಾಯಿಂದ ಹೊರಟಾಗ ನಮಗೆ ಗುರುತೇ ಸಿಕ್ಕದು. ನಾವು ಬಿಡಿಬಿಡಿಯಾಗಿ ಉಚ್ಚರಿಸಿದ ಪದವೂ ಒಮ್ಮೊಮ್ಮೆ ಅವನಿಗೆ ತಿಳಿಯದು. ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಒತ್ತು. ಒತ್ತು ಎಂದರೆ ಇಲ್ಲಿ ನಮ್ಮ ಬರಹದ ಒತ್ತಕ್ಷರವಲ್ಲ. ಪದದ ಒಂದು ಅಕ್ಷರವನ್ನು ಉಳಿದವುಗಳಿಗಿಂತ ಎದ್ದು ಕೇಳುವಂತೆ ನುಡಿಯುವುದು.

'ಪರ್ಮಿಟ್' ಎಂಬ ಪದವನ್ನೇ ತೆಗೆದುಕೊಳ್ಳೋಣ. ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ ಅದು ಪರವಾನಗಿಯ ಪತ್ರ; ಎರಡನೆಯದಕ್ಕೆ ಬಿದ್ದರೆ ಅನುಮತಿ ಕೊಡುವ ಕ್ರಿಯೆ.

ಎದ್ದು ಕೇಳುವುದೆಂದರೆ ಗಟ್ಟಿಯಾಗಿ ಕೇಳುವುದೆಂದೇ ಸಾಮಾನ್ಯ ಭಾವನೆ. ಲಂಡನ್ನಿನ ಧ್ವನಿವಿಜ್ಞಾನಿ ಡೆನಿಸ್ ಫ್ರೈ ಇದನ್ನು ಒರೆಗೆ ಹಚ್ಚಿ, 1955ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಂತಹ ಪದಗಳನ್ನು ಕೃತಕ ಧ್ವನಿಯಲ್ಲಿ ಉಂಟುಮಾಡಿ, ಸ್ವರಗಳ ಕಾಲವನ್ನೂ ತೀವ್ರತೆಯನ್ನೂ ಬದಲಿಸುತ್ತ ಕೇಳಿಸಿದರು. ಕೇಳುಗರ ತೀರ್ಪನ್ನು ಹೆಚ್ಚಾಗಿ ತಿರುಗಿಸಿದುದು ಗಟ್ಟಿತನವಲ್ಲ, ಸ್ವರದ ದೀರ್ಘತೆ! 1958ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಧ್ವನಿಯ ಏರಿಳಿತದ ಪ್ರಭಾವವೂ ಪ್ರಬಲವಾಗಿ ಕಂಡಿತು.

ಒತ್ತಿಲ್ಲದ ಅಕ್ಷರದ ಗತಿಯೇನು? 'ಫೋಟೊಗ್ರಾಫ್' ಎನ್ನುವಾಗ 'ಫೋ' ನಿಚ್ಚಳವಾಗಿದೆ, ನಡುವಿನ 'ಟೊ' ಮಂಕಾಗಿದೆ. ಅದೇ ಪದ 'ಫೋಟೊಗ್ರಾಫರ್' ಆದೊಡನೆ ಒತ್ತು ಎರಡನೆಯ ಅಕ್ಷರಕ್ಕೆ ಜಿಗಿಯುತ್ತದೆ. ಆಗ 'ಫೋ' ಸವೆದು ಅಸ್ಪಷ್ಟವಾದ 'ಫ' ಆಗುತ್ತದೆ. 'ಟೊ' ಅರಳಿ 'ಟಾ'ದಂತೆ ಕೇಳುತ್ತದೆ. ಒತ್ತು ಸರಿದರೆ ಧ್ವನಿಗಳೇ ಬದಲಾಗುತ್ತವೆ.

ಮಾತಿನ ಪ್ರವಾಹದಲ್ಲಿ ಬರಹದಂತೆ ಪದಪದಕ್ಕೂ ತೆರಪಿಲ್ಲ. ಪದದ ಆರಂಭವನ್ನು ಕಿವಿ ಹೇಗೆ ಅರಿಯುತ್ತದೆ? ಆನ್ ಕಟ್ಲರ್ ಮತ್ತು ಡೆನಿಸ್ ನಾರಿಸ್ ಎಂಬ ವಿದ್ವಾಂಸರು 1988ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೊಂದು ಉತ್ತರ ನೀಡಿತು. ಅರ್ಥವಿಲ್ಲದ 'ಮಿಂಟಶ್', 'ಮಿಂಟೇವ್' ಎಂಬಂತಹ ಶಬ್ದಗಳಲ್ಲಿ ಅಡಗಿರುವ 'ಮಿಂಟ್' ಪದವನ್ನು ಹುಡುಕುವುದು ಕೇಳುಗರ ಕೆಲಸ. 'ಮಿಂಟೇವ್' ಕೇಳಿದಾಗ ಅವರಿಗೆ ಹೆಚ್ಚು ಸಮಯ ಹಿಡಿಯಿತು. ಅಲ್ಲಿ 'ಟೇವ್' ಎಂಬುದು ಪೂರ್ಣಸ್ವರದ ಬಲವಾದ ಅಕ್ಷರ. ಅದನ್ನು ಕೇಳಿದೊಡನೆ ಹೊಸ ಪದ ಮೊದಲಾಯಿತೆಂದು ಕಿವಿ ಭಾವಿಸಿ, 'ಮಿನ್' ಎಂಬಲ್ಲಿಗೇ ಕತ್ತರಿಸುತ್ತದೆ. ಕತ್ತರಿಸಿದುದನ್ನು ಪುನಃ ಜೋಡಿಸುವುದಕ್ಕೆ ಕಾಲ ಬೇಕಷ್ಟೆ.

ಕನ್ನಡದ ದಾರಿ ಬೇರೆ. 'ಬಿಡು'ವಿಗೂ 'ಬೀಡು'ವಿಗೂ ಸ್ವರದ ದೀರ್ಘತೆಯೇ ಭೇದ. 'ಕತೆ'ಯನ್ನು 'ಕತ್ತೆ'ಯಾಗಿಸುವುದು ವ್ಯಂಜನದ ದ್ವಿತ್ವ. ಒತ್ತಿನ ಸ್ಥಾನದಿಂದ ನಮ್ಮಲ್ಲಿ ಪದದ ಅರ್ಥ ಬದಲಾಗದು. ಆದುದರಿಂದಲೇ ನಾವು ಇಂಗ್ಲಿಷಿನ ಎಲ್ಲ ಅಕ್ಷರಗಳಿಗೂ ಸಮನಾದ ನ್ಯಾಯ ಒದಗಿಸಲು ಹೋಗುತ್ತೇವೆ. ಕೇಳುವವನು ಮಾತ್ರ ಪದದ ಬಾಗಿಲು ಕಾಣದೆ ತಡಕಾಡುತ್ತಾನೆ.

ನಿಘಂಟಿನ ಉಚ್ಚಾರಣೆಯಲ್ಲಿ ಅಕ್ಷರದ ಹಿಂದೆ ಮುದ್ರಿಸಿರುವ ಸಣ್ಣ ಗೀಟನ್ನು ನಾವು ಕಡೆಗಣಿಸುವುದುಂಟು. ಆ ಬಾಗಿಲನ್ನು ತೋರಿಸುವುದು ಅದೇ.