ಮುರಿದ ಗೆರೆ ಕೂಡಿಸುವ ಗಾಜು

ತಾಳವಾಡಿ ಬೆಟ್ಟದ ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೇ ಬರುವ ಗೊರೆ ಹಬ್ಬದ ಫೋಟೊ ತೆಗೆಯುವುದು ಕ್ಯಾಮೆರಾಕ್ಕೆ ಸುಲಭದ ಕೆಲಸವಲ್ಲ. ಬೀರೇಶ್ವರನ ಗುಡಿಯ ಹತ್ತಿರ ರಾಶಿ ಹಾಕಿದ ಸಗಣಿಯನ್ನು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎರಚುವಾಗ, ಮುಖ ಯಾವುದು ನಡುವೆ ಹಾರುವ ಉಂಡೆ ಯಾವುದು ಎಂಬುದು ಆಟೊಫೋಕಸ್‌ಗೆ ಅರ್ಥವಾಗಬೇಕಲ್ಲ! ಹತ್ತಿರ ಸಿಕ್ಕಿದ್ದಕ್ಕೆ ಅದು ಅಂಟಿಕೊಳ್ಳುತ್ತದೆ. ದಿಂಬಂ ಘಾಟಿಯ ಮಂಜಿನಲ್ಲಿ, ಹಾಸನೂರಿನ ಲಂಟಾನ ಪೊದೆಗಳ ಆಚೆ ನಿಂತ ಜಿಂಕೆಯ ಮುಂದೆಯೂ ಅದೇ ಪಾಡು. ಇಂಥ ಕಡೆ ಕೈಯಲ್ಲೇ ಲೆನ್ಸ್ ತಿರುಗಿಸುವವರು ಈಗಲೂ ಇದ್ದಾರೆ. ಡಿಜಿಟಲ್ ಎಸ್‌ಎಲ್‌ಆರ್ ಬಂದ ಮೇಲೆ ಅವರಿಗೆ ಹೊಸದೊಂದು ಕಾಟ ಶುರುವಾಯಿತು. ವ್ಯೂಫೈಂಡರಿನಲ್ಲಿ ಕಣ್ಣರೆಪ್ಪೆ ಚೂಪಾಗಿ ಕಾಣುತ್ತದೆ, ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಕಿವಿ ಚೂಪಾಗಿದೆ! ವಯಸ್ಸಾಯಿತು, ಕನ್ನಡಕದ ನಂಬರ್ ಬದಲಾಗಿರಬೇಕು ಎಂದುಕೊಂಡು ಸುಮ್ಮನಾದವರು ಬಹಳ ಮಂದಿ.

ಎಸ್‌ಎಲ್‌ಆರ್ ಒಳಗೆ ಕಾಣುವುದು ಕನ್ನಡಿಯಿಂದ ಮೇಲಕ್ಕೆ ಪುಟಿದು ಮಬ್ಬು ಗಾಜಿನ ಮೇಲೆ ಬಿದ್ದ ಬಿಂಬ. ಆ ಗಾಜೇ ಫೋಕಸಿಂಗ್ ಸ್ಕ್ರೀನ್. ಮಬ್ಬು ಗಾಜಿನ ಮೇಲೆ ಬಿಂಬ ಎಲ್ಲಿ ಅತಿ ಚೂಪು ಎಂದು ಹೇಳುವುದು ಕಣ್ಣಿಗೆ ಕಷ್ಟ. 1940ರ ದಶಕದಲ್ಲಿ ಫ್ರಾನ್ಸಿನ ಲೂಸಿಯನ್ ದೊದ್ಯಾಂ ಇದಕ್ಕೊಂದು ಜಾಣ ಉಪಾಯ ಮಾಡಿದ. ಗಾಜಿನ ನಡುವೆ ಎರಡು ಪುಟ್ಟ ಬೆಣೆಗಳನ್ನು ಒಂದಕ್ಕೊಂದು ಎದುರು ದಿಕ್ಕಿಗೆ ಓರೆಯಾಗಿ ಕೂರಿಸಿದ. ಫೋಕಸ್ ತಪ್ಪಿದರೆ ಕಂಬದ ಮೇಲರ್ಧ ಒಂದು ಕಡೆಗೆ, ಕೆಳಗಿನರ್ಧ ಇನ್ನೊಂದು ಕಡೆಗೆ ಸರಿಯುತ್ತದೆ. ಸರಿಯಾದಾಗ ಎರಡೂ ಕೂಡುತ್ತವೆ. ಮಸುಕನ್ನು ಅಳೆಯಲು ಸೋಲುವ ಕಣ್ಣು ಗೆರೆಯ ಮುರಿವನ್ನು ಮಾತ್ರ ಥಟ್ಟನೆ ಹಿಡಿಯುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರಿನ ಗೆರೆಗೆ ಗೆರೆ ಹೊಂದಿಸಿದ ಹಾಗೆಯೇ ಇದು. ನಮ್ಮಲ್ಲಿ ಅನೇಕರು ಕೈ ಪಳಗಿಸಿಕೊಂಡ ನಿಕಾನ್ ಎಫ್‌ಎಂ10ರಲ್ಲಿ ಇದೇ ಸ್ಪ್ಲಿಟ್ ಇಮೇಜ್ ಇತ್ತು.

1985ರಲ್ಲಿ ಮಿನೋಲ್ಟಾ 7000 ಬಂತು, ಆಟೊಫೋಕಸ್ ಗೆದ್ದಿತು. ಕನ್ನಡಿಯ ನಡುಭಾಗ ಒಂದಿಷ್ಟು ಬೆಳಕನ್ನು ಕೆಳಗಿನ ಸೆನ್ಸರಿಗೆ ಬಿಟ್ಟುಕೊಡಬೇಕಾಯಿತು. ಜತೆಗೆ ಅಪರ್ಚರ್ ಚಿಕ್ಕದಿರುವ ಅಗ್ಗದ ಝೂಮ್‌ಗಳೂ ಬಂದವು. ವ್ಯೂಫೈಂಡರ್ ಕತ್ತಲಾಗದಿರಲಿ ಎಂದು ಸೂಕ್ಷ್ಮ ಮಸೂರಗಳಂಥ ಮೈಯಿರುವ ಹೊಳಪಿನ ಸ್ಕ್ರೀನ್ ಹಾಕಿದರು. ಎಡವಟ್ಟಾದದ್ದು ಇಲ್ಲಿಯೇ. ಅಂಥ ಸ್ಕ್ರೀನ್ ಲೆನ್ಸಿನ ಅಂಚಿನಿಂದ ಓರೆಯಾಗಿ ಬರುವ ಕಿರಣಗಳನ್ನು ಕಣ್ಣಿಗೆ ಕೊಡುವುದೇ ಇಲ್ಲ.

ಇದನ್ನು ಪತ್ತೆ ಮಾಡಲು ಯಾವ ಉಪಕರಣವೂ ಬೇಡ. ಎಫ್/1.4 ಅಪರ್ಚರಿನ ಲೆನ್ಸ್ ಹಾಕಿ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದು ಅಪರ್ಚರ್ ಇಳಿಸುತ್ತ ಹೋಗಿ. ಎರಡಕ್ಕೆ ಬಂದರೂ, ಸುಮಾರು 2.8ಕ್ಕೆ ಬಂದರೂ ವ್ಯೂಫೈಂಡರ್ ಕಪ್ಪಾಗುವುದೇ ಇಲ್ಲ! ನಾಲ್ಕಕ್ಕೆ ಇಳಿಸಿದಾಗ ಮಾತ್ರ ಕತ್ತಲು ಕವಿಯುತ್ತದೆ. ಅಂದರೆ ನೀವು ನೋಡುತ್ತಿದ್ದದ್ದು 2.8ರ ಚಿತ್ರ, ಸೆನ್ಸರಿನ ಮೇಲೆ ಬಿದ್ದದ್ದು 1.4ರದು. ರೆಪ್ಪೆಯೂ ಕಿವಿಯೂ ಒಟ್ಟಿಗೆ ಚೂಪಾಗಿ ಕಂಡದ್ದು ಗಾಜಿನ ಧಾರಾಳತನದಿಂದ.

ಕಾರಣ ತಿಳಿದ ಮೇಲೆ ರಿಪೇರಿಗೆ ಇಳಿದವರು ಹಿಂದಕ್ಕೇ ನೋಡಿದರು. ನಿಕಾನ್ ಎಫ್‌ಎಂ3ಎ ಫಿಲ್ಮ್ ಕ್ಯಾಮೆರಾದ ಕೆ3 ಸ್ಕ್ರೀನನ್ನು ಡಿಜಿಟಲ್ ಕ್ಯಾಮೆರಾದ ಅಳತೆಗೆ ಕತ್ತರಿಸಿ ಕೂರಿಸಿದರು. ಅಮೆರಿಕದ ಕಾಟ್ಜ್ ಐ ಇದನ್ನೇ ವ್ಯಾಪಾರ ಮಾಡಿಕೊಂಡಿತು. ತೈವಾನಿನಿಂದಲೂ ಸ್ಕ್ರೀನ್‌ಗಳು ಬಂದವು. ಕ್ಯಾನನ್ ತಾನೇ 5ಡಿಗೆ ಈಈ-ಎಸ್, 6ಡಿಗೆ ಈಜಿ-ಎಸ್ ಎಂಬ ಸ್ಕ್ರೀನ್ ಮಾರಿತು. ಇವುಗಳಲ್ಲಿ ಸ್ಪ್ಲಿಟ್ ಇಲ್ಲ, ಬರೀ ಒರಟಾದ ಮಬ್ಬು ಗಾಜು, 2.8 ಅಥವಾ ಅದಕ್ಕಿಂತ ದೊಡ್ಡ ಅಪರ್ಚರಿನ ಲೆನ್ಸಿಗೆ ತಕ್ಕದ್ದು ಎಂದು ಕಂಪನಿಯೇ ಹೇಳಿತ್ತು. ಇದಕ್ಕಿಂತ ಬೇರೆ ತಪ್ಪೊಪ್ಪಿಗೆ ಬೇಕೆ?

ಕೂರಿಸುವುದು ನಾಜೂಕಿನ ಕೆಲಸ. ಕನ್ನಡಿಯ ಮೇಲಿನ ಸಣ್ಣ ಕೊಂಡಿ ಸಡಿಲಿಸಿ, ಸ್ಕ್ರೀನಿನ ಅಂಚಿನ ಕಿವಿಯನ್ನು ಚಿಮುಟದಲ್ಲಿ ಹಿಡಿದು ಎತ್ತಬೇಕು. ಹೆಸರಿಗೆ ಗಾಜು, ಈಗಿನದು ಪ್ಲಾಸ್ಟಿಕ್. ಬೆರಳು ತಾಕಿದರೆ ಗುರುತು ಉಳಿಯುತ್ತದೆ, ಒರೆಸಿದರೆ ಗೀರು ಬೀಳುತ್ತದೆ. ಕನ್ನಡಿಯಿಂದ ಸ್ಕ್ರೀನಿಗಿರುವ ದೂರ, ಸೆನ್ಸರಿಗಿರುವ ದೂರ ಒಂದೇ ಆಗಬೇಕು. ಅದಕ್ಕಾಗಿ ಶಿಮ್ ಎಂಬ ಕೂದಲೆಳೆಯಷ್ಟು ತೆಳ್ಳನೆಯ ಪಟ್ಟಿ ಇಟ್ಟು, ಓರೆಯಾಗಿಟ್ಟ ಸ್ಕೇಲಿನ ಫೋಟೊ ತೆಗೆದು ಪರೀಕ್ಷಿಸುತ್ತಾರೆ. ಇಷ್ಟಾದರೂ ಬೆಳಕಿನ ಮೀಟರ್ ಕೆಲವೊಮ್ಮೆ ಏರುಪೇರಾಗುತ್ತದೆ. 5.6ರ ಟೆಲಿ ಲೆನ್ಸ್ ಹಾಕಿದರೆ ಸ್ಪ್ಲಿಟ್ಟಿನ ಅರ್ಧ ಕಪ್ಪಾಗುತ್ತದೆ. ಸಂಜೆಯ ಆನೆಗೆ ಅದು ನಿಷ್ಪ್ರಯೋಜಕ.

ತಮಾಷೆಯೆಂದರೆ, ಕನ್ನಡಿಯ ಕೆಳಗಿನ ಆಟೊಫೋಕಸ್ ಸೆನ್ಸರ್ ಮಾಡುವುದೂ ಲೆನ್ಸಿನ ಎರಡು ಬದಿಯ ಬಿಂಬಗಳನ್ನು ಹೋಲಿಸುವ ದೊದ್ಯಾಂನ ಕೆಲಸವನ್ನೇ. 2013ರ ಫ್ಯೂಜಿಫಿಲ್ಮ್ ಎಕ್ಸ್100ಎಸ್ ಆ ಲೆಕ್ಕವನ್ನೇ ಪರದೆಯ ಮೇಲೆ ಮುರಿದ ಪಟ್ಟಿಗಳಾಗಿ ತೋರಿಸಿತು. ಬೆಣೆಯ ಗೊಡವೆಯೇ ಇಲ್ಲ. ಕನ್ನಡಿಯಿರುವ ಹಳೆಯ 5ಡಿಯನ್ನು ಸೆಕೆಂಡ್ ಹ್ಯಾಂಡಿಗೆ ಕೊಳ್ಳುವವರು ಮಾತ್ರ, ಶಟರ್ ಎಷ್ಟು ಸಲ ಓಡಿದೆ ಎಂದು ಕೇಳುವ ಜತೆಗೆ ಒಳಗಿರುವ ಸ್ಕ್ರೀನ್ ಯಾವುದೆಂದೂ ವಿಚಾರಿಸಲಿ. 1.4ರ ಲೆನ್ಸ್ ಕೈಯಲ್ಲಿದ್ದರೆ ಆ ಗುಂಡಿ ಒತ್ತಿ ಅಂಗಡಿಯಲ್ಲೇ ತಿಳಿದುಕೊಳ್ಳಬಹುದು.