ಎಫ್‌ಎಂನಲ್ಲಿ ಟ್ರಾಫಿಕ್ ಬರುತ್ತೆ, ಏರಿಯಾ ಸುದ್ದಿ ಯಾಕಿಲ್ಲ?

ಯಡಿಯೂರು: ದೇಶದ ಮೊದಲ ಖಾಸಗಿ ಎಫ್‌ಎಂ ‘ರೇಡಿಯೋ ಸಿಟಿ’ 2001ರ ಜುಲೈ 3ರಂದು ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ. ಆದರೂ ಎಫ್‌ಎಂನಲ್ಲಿ ಏರಿಯಾ ಸುದ್ದಿ ಬರಲ್ಲ.

ಕಾರಣ ಸರ್ಕಾರದ ನಿಯಮ. ಟ್ರಾಫಿಕ್, ಹವಾಮಾನ, ಕರೆಂಟ್, ನೀರಿನ ಮಾಹಿತಿ ಕೊಡಲು ಖಾಸಗಿ ಎಫ್‌ಎಂಗೆ ಅವಕಾಶವಿದೆ. ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನಷ್ಟೇ ಹಾಕಬಹುದು. ಅಂದರೆ ರಸ್ತೆ ಬಂದ್ ಅಂತ ಹೇಳಬಹುದು. ಅಗೆದ ಗುಂಡಿ ತಿಂಗಳಾದ್ರೂ ಯಾಕೆ ಮುಚ್ಚಿಲ್ಲ ಅಂತ ಸುದ್ದಿ ಮಾಡೋ ಹಾಗಿಲ್ಲ.

ಸಮುದಾಯ ರೇಡಿಯೋಗೂ ಸುದ್ದಿಗೆ ಇದೇ ಕಟ್ಟುಪಾಡು. ಆದರೆ ಅದರ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಜನರೇ ಸೇರಿ ಮಾಡಿದ್ದಾಗಿರಬೇಕು. ಜೈನ್ ಶಿಕ್ಷಣ ಸಂಸ್ಥೆ ನಗರದಲ್ಲಿ 2007ರಲ್ಲಿ ಶುರು ಮಾಡಿದ ‘ರೇಡಿಯೋ ಆಕ್ಟಿವ್’ 90.4ರಲ್ಲಿ ಕಸ ಆಯುವವರೂ ಮೈಕ್ ಹಿಡಿದಿದ್ದಾರೆ. ಬೆಂಗಳೂರಿನ ದನಿ ಅಂದ್ರೆ ಆರ್‌ಜೆ ಮಾತಷ್ಟೇ ಅಲ್ಲ. ಹೂ ಮಾರೋರ, ಆಟೋದವರ ಮಾತೂ ಹೌದು.